ಓವನ್ನಿನಲ್ಲಿ ಸಿಕ್ಕಿಬಿದ್ದ ಸಿಂಹ

ಮಧ್ಯಾಹ್ನ ಮೂರೂವರೆಗೆ ಅಡುಗೆಮನೆಯಿಂದ ಟಕ್ ಎಂಬ ಸದ್ದು ಬಂದಾಗ ಅತ್ತೆ ನಡುಮನೆಯಲ್ಲಿ ಕೂತು ಬಟ್ಟೆ ಮಡಚುತ್ತಿದ್ದರು. ಅದರ ಹಿಂದೆಯೇ ಸೊಸೆಯ ದನಿ ಕೇಳಿಸಿತು.

"ರೀ, ಏನು ಒತ್ತಿದ್ರಿ ನೀವು?"

ಸೊಸೆ ಮಕ್ಕಳ ನಾಟಕಗಳಿಗೆ ಮುಖವಾಡ ಮಾಡುವವಳು. ಹಳೆ ಪತ್ರಿಕೆ ನೆನೆಸಿ, ಅರೆದು, ಅಂಟು ಕಲಸಿ ಅವಳು ಮಾಡಿದ್ದ ನರಿ, ಮೊಲ, ಕರಡಿಗಳು ಆಗಲೇ ಬಣ್ಣ ಬಳಿಸಿಕೊಂಡು ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ಕೂತಿದ್ದವು. ಸಿಂಹ ಮಾತ್ರ ಹಿಂದಿನ ದಿನ ಕೈಜಾರಿ ಬಿದ್ದು ಮೂಗು ಒಡೆದುಕೊಂಡಿತ್ತು. ಅದಕ್ಕೆ ಹೊಸ ಮೂಗು ಮೆತ್ತಿ, ಬೇಗ ಒಣಗಲೆಂದು ಒಲೆಯ ಹೊಟ್ಟೆಯಲ್ಲಿದ್ದ ಓವನ್ನಿನೊಳಗೆ ಸಣ್ಣ ಕಾವಿಗೆ ಇಟ್ಟಿದ್ದಳು. ಆರಕ್ಕೆ ನಾಟಕ. ಸಿಂಹವೇ ರಾಜ, ರಾಜನಿಲ್ಲದೆ ಪರದೆ ಏಳುವಂತಿರಲಿಲ್ಲ.

ನೀರು ಕುಡಿಯಲು ಬಂದ ಮಗರಾಯ, ಒಳಗಿನ ಫ್ಯಾನ್ ಜೋರಾದರೆ ಹೆಂಡತಿಗೆ ಉಪಕಾರವಾದೀತೆಂದು ಒಂದು ಗುಂಡಿ ಒತ್ತಿದ್ದ. ಅದು ಓವನ್ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ ಗುಂಡಿ. ಅದನ್ನೊತ್ತಿದರೆ ಬಾಗಿಲಿಗೆ ತಾನಾಗಿ ಬೀಗ ಬೀಳುತ್ತದೆ, ಒಳಗಿನ ಜಿಡ್ಡೆಲ್ಲ ಬೂದಿಯಾಗುವಷ್ಟು ಕಾವೇರುತ್ತದೆ.

ಸೊಸೆ ತಕ್ಷಣ ರದ್ದು ಮಾಡಿದಳು. ಕಾವೇನೋ ನಿಂತಿತು, ಬೀಗ ಬಿಡಲಿಲ್ಲ. ಓವನ್ನಿನ ಪುಟ್ಟ ಪರದೆಯ ಮೇಲೆ ಒಂದು ಅಕ್ಷರ, ಒಂದು ಅಂಕಿ ಮಿಣಮಿಣ ಅನ್ನತೊಡಗಿದವು. ಗಾಜಿನ ಆಚೆಯಿಂದ ಸಿಂಹ ಬಾಯಿ ತೆರೆದು ಇವರನ್ನೇ ನೋಡುತ್ತಿತ್ತು.

"ಮೊದಲು ಮೈನ್ ಆಫ್ ಮಾಡೋ," ಎನ್ನುತ್ತಾ ಅತ್ತೆ ಒಳಗೆ ಬಂದರು. ಮಗ ಓಡಿಹೋಗಿ ಆಫ್ ಮಾಡಿದ.

ಕಂಪನಿಯ ಮೆಕ್ಯಾನಿಕ್ ಫೋನಿನಲ್ಲೇ ತೀರ್ಪು ಕೊಟ್ಟುಬಿಟ್ಟ. ಬೀಗದ ಮೋಟಾರು ಹೋಗಿರಬೇಕು, ಇಲ್ಲಾ ಬೋರ್ಡು. ಬರಲು ಮೂರು ದಿನ.

"ಮೂರು ದಿನ," ಎಂದು ಸೊಸೆ ಕುರ್ಚಿಯಲ್ಲಿ ಕುಸಿದಳು.

ಮಗ ಹಿಡಿ ಹಿಡಿದು ಜಗ್ಗಲು ಹೋದ. ಅತ್ತೆ ಅವನ ಕೈಮೇಲೆ ಒಂದು ಕೊಟ್ಟರು. "ಎಳೆದ್ರೆ ಹಿಡಿ ನಿನ್ನ ಕೈಗೆ ಬರುತ್ತೆ, ಬಾಗಿಲು ಅಲ್ಲೇ ಇರುತ್ತೆ. ಮಾಡಿದ ಉಪಕಾರ ಸಾಕು, ಸ್ಕ್ರೂಡ್ರೈವರ್ ಹುಡುಕು."

ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಗೋಡೆಯುದ್ದಕ್ಕೂ ಟಿಕ್ ಟಿಕ್ ಅನ್ನುತ್ತಿದ್ದ ಸಾವಿರಾರು ಪುಟ್ಟ ಸ್ವಿಚ್ಚುಗಳಲ್ಲಿ ಯಾವುದು ಮೂಕವಾಗಿದೆ ಎಂದು ಕಿವಿಯಿಂದಲೇ ಪತ್ತೆ ಹಚ್ಚುತ್ತಿದ್ದರು. ಆಮೇಲೆ ಎಲ್ಲ ಕಂಪ್ಯೂಟರಾಯಿತು, ಅವರೂ ನಿವೃತ್ತರಾದರು. ಏಳು ವರ್ಷಗಳಿಂದ ಅವರ ಕೈಗೆ ಬಂದದ್ದು ಕೆಟ್ಟ ಇಸ್ತ್ರಿಪೆಟ್ಟಿಗೆ ಒಂದೇ. ಈಗ ಸೆರಗು ಸೊಂಟಕ್ಕೆ ಸಿಕ್ಕಿಸುವಾಗ ಅವರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಸೊಸೆ ಅಳುಮೋರೆ ಹಾಕಿಕೊಂಡು ಕೂತಿರುವಾಗ ತಾನಿಷ್ಟು ಖುಷಿಪಡುವುದು ಸರಿಯೇ ಎಂದು ಒಂದು ಗಳಿಗೆ ನಾಚಿಕೆಯೂ ಆಯಿತು. ಆದರೆ ಖುಷಿ ಅದನ್ನು ಕೇಳಲಿಲ್ಲ.

ಐದು ನಿಮಿಷ ಬಿಟ್ಟು ಮೈನ್ ಹಾಕಿಸಿದರು. ಮರದ ಸೌಟಿನ ಒಂದು ತುದಿಯನ್ನು ಒಲೆಗೂ ಇನ್ನೊಂದನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿದರು.

ಒಳಗೆ ಗುಂಯ್ ಎಂದು ಏನೋ ಸುತ್ತಿತು. ಸುತ್ತುತ್ತಲೇ ಇತ್ತು, ಆಮೇಲೆ ಸೋತು ನಿಂತಿತು. ಅಂಕಿ ಮತ್ತೆ ಮಿನುಗಿತು.

"ಆ ಮೆಕ್ಯಾನಿಕ್ ಹೇಳಿದ್ದು ಸುಳ್ಳು," ಅತ್ತೆ ಕಣ್ಣು ತೆರೆದರು. "ಮೋಟಾರು ಕಲ್ಲುಗುಂಡಿನ ಹಾಗಿದೆ. ಟಿಕ್ ಅನ್ನೋದು ಮಾತ್ರ ಬರ್ತಿಲ್ಲ. ಬೀಗ ಎಲ್ಲಿಗೆ ಬಂತು ಅಂತ ಬೋರ್ಡಿಗೆ ಹೇಳೋಕೆ ಅಲ್ಲೊಂದು ಸ್ವಿಚ್ ಇರಬೇಕು ಕಣೇ. ಅದು ಬಾಯಿ ಬಿಡ್ತಿಲ್ಲ. ಪಾಪ, ಮೋಟಾರಿಗೆ ಎಲ್ಲಿ ನಿಲ್ಲಬೇಕು ಅಂತಾನೇ ಗೊತ್ತಾಗ್ತಿಲ್ಲ."

"ಸರಿಹೋಗುತ್ತಾ ಅತ್ತೆ?"

"ನೋಡೋಣ, ಏಳು. ಒಲೆ ಹಿಡ್ಕೋ."

ಮೈನ್ ಆರಿಸಿ, ಪ್ಲಗ್ ಕಿತ್ತು, ಮೂವರೂ ಸೇರಿ ಒಲೆಯನ್ನು ಗೋಡೆಯಿಂದ ಈಚೆಗೆ ಎಳೆದರು. ಹಿಂದೆ ಎರಡು ಚಮಚ, ಒಂದು ಬಾಟಲಿ ಮುಚ್ಚಳ, ಕಳೆದುಹೋಗಿದೆ ಎಂದು ಮಗ ಊರೆಲ್ಲ ಹುಡುಕಿದ್ದ ಗಾಡಿಯ ಕೀಲಿಕೈ ಸಿಕ್ಕವು. ಯಾರೂ ಅತ್ತ ನೋಡಲಿಲ್ಲ. ಒಲೆಯ ಬೆನ್ನಿನ ಬಿಸಿ ತಗಡು ಆರುವವರೆಗೆ ಕಾಯುವುದೇ ದೊಡ್ಡ ಶಿಕ್ಷೆಯಾಯಿತು. ಗಂಟೆ ನಾಲ್ಕೂಕಾಲಾದಾಗ ಅದರ ಸ್ಕ್ರೂಗಳು ಬಿಚ್ಚಿಕೊಂಡವು. ಮಗ ಟಾರ್ಚ್ ಹಿಡಿದ, ಅತ್ತೆ ತಲೆ ತೂರಿಸಿದರು.

"ಇಲ್ಲಿದ್ದೀಯಾ," ಎಂದರು, ಕಳೆದುಹೋದ ಮೊಮ್ಮಗು ಸಿಕ್ಕಂತೆ.

ಬೆರಳಿನುದ್ದದ ಮೋಟಾರು, ಅದರ ತಲೆಯ ಮೇಲೊಂದು ಬಿಲ್ಲೆ, ಬಿಲ್ಲೆಯಿಂದ ಬಾಗಿಲಿನ ಕೊಕ್ಕೆಗೆ ಹೋದ ಸರಳು. ಪಕ್ಕದಲ್ಲೇ ಹುಣಸೆಬೀಜದಷ್ಟು ದೊಡ್ಡ ಸ್ವಿಚ್ಚು. ಅದರ ಗುಂಡಿ ಸುಟ್ಟ ಗ್ರೀಸಿನಲ್ಲಿ ಹೂತುಹೋಗಿ ಒಳಗೇ ಅಂಟಿಕೊಂಡಿತ್ತು.

ಮೊದಲು ಸಿಂಹ. ಅತ್ತೆ ಇಕ್ಕಳದಲ್ಲಿ ಬಿಲ್ಲೆ ಹಿಡಿದು ಕೂದಲೆಳೆಯಷ್ಟು, ಮತ್ತಷ್ಟು ತಿರುಗಿಸಿದರು. ಬೆವರು ಕಣ್ಣಿಗಿಳಿಯುತ್ತಿತ್ತು. ಸರಳು ಹಿಂದೆ ಸರಿಯಿತು.

"ಈಗ ತೆಗಿ."

ಸೊಸೆ ಹಿಡಿಗೆ ಕೈ ಹಾಕಿದಳು. ಬಾಗಿಲು ಬೆಣ್ಣೆಯಂತೆ ತೆರೆದುಕೊಂಡಿತು. ಅವಳು ಸಿಂಹವನ್ನು ಎದೆಗವಚಿಕೊಂಡು ನಗುತ್ತಾ ಅಳುತ್ತಾ ಅಲ್ಲೇ ಕೂತುಬಿಟ್ಟಳು. ಒಂದು ಕಿವಿ ಕಂದಿತ್ತು, ನಾರಿನ ಕೇಸರ ತುಸು ಸುರುಟಿತ್ತು. ಮೂಗು ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು.

"ಅಮ್ಮ, ಆಯ್ತಲ್ಲ, ಹೊರಗೆ ಬಾ," ಎಂದ ಮಗ.

"ಎಲ್ಲಿ ಆಯ್ತು? ಹಳೇ ಟೂತ್‌ಬ್ರಷ್ ಕೊಡು."

ಬ್ರಷ್ಷಿನಿಂದ ಉಜ್ಜಿ, ಕಡ್ಡಿಯಿಂದ ಕೆರೆದು, ಬಟ್ಟೆಯಲ್ಲಿ ಒರೆಸಿದರು. ಉಗುರಿನಿಂದ ಒತ್ತಿದರು. ಏನಿಲ್ಲ. ಮತ್ತೆ ಕೆರೆದು ಒತ್ತಿದರು.

ಟಿಕ್.

ಅತ್ತೆ ಒಲೆಯ ಹಿಂದಿನಿಂದಲೇ ನಕ್ಕರು. ಎಷ್ಟು ಜೋರಾಗಿ ನಕ್ಕರೆಂದರೆ ಮಗ ಟಾರ್ಚ್ ಬೀಳಿಸಿದ. ತಗಡು ಮುಚ್ಚಿ, ಪ್ಲಗ್ ಸಿಕ್ಕಿಸಿ, ಮೈನ್ ಹಾಕಿಸಿ, ಬೀಗ ಹಾಕಿ ತೆಗೆದು ನೋಡಿದರು. ಅಂಕಿ ಮಾಯವಾಗಿತ್ತು. ಒಂದು ಸಲ ಸಾಕಿತ್ತು, ಅವರು ಎಂಟು ಸಲ ಮಾಡಿದರು.

ಬಣ್ಣ ಬಳಿಯಲು ಉಳಿದದ್ದು ನಲವತ್ತು ನಿಮಿಷ. ಕಂದಿದ ಕಿವಿಯನ್ನು ಸೊಸೆ ಹಾಗೆಯೇ ಬಿಟ್ಟಳು. "ವಯಸ್ಸಾದ ಸಿಂಹ ಅತ್ತೆ, ಬಿಸಿಲು ಕಂಡಿದೆ." ಮೀಸೆಯನ್ನು ಗಾಡಿಯಲ್ಲಿ ಹೋಗುತ್ತಲೇ ಬರೆದಳು. ತಿರುವಿನಲ್ಲಿ ಕೈ ಕುಲುಕಿ ಒಂದು ಮೀಸೆ ಮೇಲಕ್ಕೆ ಹೋಯಿತು.

ಆರಕ್ಕೆ ಪರದೆ ಎದ್ದಿತು. ಹಸಿ ಬಣ್ಣದ ಸಿಂಹ ಗರ್ಜಿಸುತ್ತಾ ಬಂದು ಮೊಲವನ್ನು ತಬ್ಬಿದಾಗ ಮೊಲದ ಕೆನ್ನೆಯೆಲ್ಲ ಹಳದಿಯಾಯಿತು, ಸಭೆ ಬಿದ್ದು ಬಿದ್ದು ನಕ್ಕಿತು. ಮೂರನೆಯ ಸಾಲಿನಲ್ಲಿ ಅತ್ತೆ ಪಕ್ಕದ ಅಪರಿಚಿತ ಹೆಂಗಸಿಗೆ ಮಸಿಗೈ ಆಡಿಸುತ್ತಾ ಬಿಲ್ಲೆ ಹೇಗೆ ತಿರುಗುತ್ತದೆ, ಸ್ವಿಚ್ಚು ಎಲ್ಲಿರುತ್ತದೆ ಎಂದು ವಿವರಿಸುತ್ತಿದ್ದರು. ಹಿಂದಿನಿಂದ ಯಾರೋ ಶ್ ಎಂದರು.

"ಆಯ್ತು ಆಯ್ತು," ಎಂದ ಅತ್ತೆ, ದನಿ ತಗ್ಗಿಸಿ ಮುಂದುವರಿಸಿದರು.