ನೀರಾದ ಮಾವು

"ಹೊಡಿಲೇ ಸೂಳಿಮಗನ. ಹಣ್ಣ ಒಡಿ ಅಂದ್ರ ಹೆಂಡ್ತಿ ಗಲ್ಲ ಸವರಿದಂಗ ಸವರಾಕತ್ತೀಯಲ್ಲ."

ಸಚ್ಚಿದಾನಂದ ಸಾಹೇಬರು ಬಾಗಿಲಲ್ಲೇ ನಿಂತು ಬೈಯುತ್ತಿದ್ದರು. ಒಳಗೆ ಬರಲು ಅವರಿಗೆ ಚಳಿ. ಗೂಳಪ್ಪ ಮಂಡಿಯೂರಿ ಕುಳಿತು ಸುತ್ತಿಗೆಯಿಂದ ಚೀಲ ಬಡಿಯುತ್ತಿದ್ದ. ಚೀಲ ಹರಿಯಬಾರದೆಂದು ಸುತ್ತಿಗೆಯ ತಲೆಗೆ ಗೋಣಿ ಸುತ್ತಿ ಕಟ್ಟಿದ್ದೆವು. ಅವನು ಒಡೆದದ್ದನ್ನು ನಾನು ಪೆಟ್ಟಿಗೆಗೆ ತುಂಬಿ ಟೇಪು ಹಚ್ಚುತ್ತಿದ್ದೆ. ಫ್ರೀಜರ್ ಕೋಣೆಯೊಳಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಹೊರಗೆ ಅರಬರ ನಾಡಿನ ಈ ಘಾಲಾದ ಬಿಸಿಲು ನಲವತ್ತಾರು.

"ಹೊಡ್ಯಾಕತ್ತೀನ್ರೀ ಸಾಹೇಬ್ರ," ಎಂದ ಗೂಳಪ್ಪ. ಮೀಸೆಯ ಮೇಲೆ ಅವನ ಉಸಿರೇ ಮಂಜಾಗಿ ಕೂತಿತ್ತು.

ಒಳ್ಳೆಯ ಫ್ರೋಜನ್ ಮಾವಿನ ಚೀಲವನ್ನು ಅಲ್ಲಾಡಿಸಿದರೆ ಹೋಳುಗಳು ಹುಣಸೆಬೀಜದ ಹಾಗೆ ಗಲಗಲ ಎನ್ನಬೇಕು. ನಮ್ಮದು ಕಲ್ಲು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಹಣ್ಣು ಹಾಗೆಯೇ ಆಗುವುದು. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಹನ್ನೊಂದು ವರ್ಷ ಮಂಜುಗಡ್ಡೆ ಹೊತ್ತವನು ನಾನು. ಈ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚಲು ಬರುವುದಿಲ್ಲ.

ಗುರುವಾರ ಸಂಜೆಯೇ ಕಂಪ್ರೆಸರ್ ಕೂಗಿಕೊಂಡಿತ್ತು. ಹೋಗಿ ಹೇಳಿದೆ. ಸಾಹೇಬರು ಕಾರಿನ ಕೀಲಿ ತಿರುಗಿಸುತ್ತಾ, "ಖಲಾಸ್, ಎರಡ ದಿನ ರಜಾ, ರವಿವಾರ ನೋಡೋಣು," ಎಂದರು. ಭಾನುವಾರ ಬೆಳಿಗ್ಗೆ ಬಾಗಿಲಿನಡಿಯಿಂದ ಹಳದಿ ನೀರು ಹರಿದು ಅಂಗಳಕ್ಕೆ ಬಂದಿತ್ತು. ಹುಳಿ ವಾಸನೆ. ಅಂದೇ ಮೆಕ್ಯಾನಿಕ್ ಬಂದ, ಮೆಷಿನ್ ಓಡಿತು, ಎರಡು ದಿನದಲ್ಲಿ ಎಲ್ಲವೂ ಮತ್ತೆ ಕಲ್ಲಾಯಿತು. ಇವತ್ತು ಬುಧವಾರ. ಇದೇ ಹಣ್ಣು ಸಂಜೆ ಸೊಹಾರ್ ಬಂದರಿಗೆ ಹೋಗಬೇಕು. ಅಲ್ಲಿಂದ ಹಡಗು. ಹಡಗು ಇಳಿದ ಮೇಲೆ ಹತ್ತು ದಿನ ಲಾರಿ, ಯಾಕೆಂದರೆ ಹಣ್ಣು ಕೊಂಡವರ ದೇಶಕ್ಕೆ ಕಡಲೇ ಇಲ್ಲವಂತೆ.

"ಕಡಲಿಲ್ಲದ ದೇಶ ಎಂತದ್ದು ಮಾರಾಯ. ಅವ್ರು ಮೀನಿಗೆ ಎಂತ ಮಾಡ್ತಾರೆ?" ಎಂದೆ, ಚಾ ಕುಡಿಯಲು ಹೊರಗೆ ಬಂದಾಗ.

"ನಮ್ಮೂರಾಗೂ ಕಡಲಿಲ್ಲ ಬಿಡು ದೂಮಣ್ಣ. ನಾವೇನ ಸತ್ತೇವೇನು," ಎಂದು ಗೂಳಪ್ಪ ನಕ್ಕ. ಅವನು ಕೊಪ್ಪಳದ ಕಡೆಯವನು. ಅವನ ಚಾ ಲೋಟ ಬಾಗಿಲಾಚೆ, ಪೈಪಿನ ಸಂದಿಯಲ್ಲಿ ಬೇರೆಯೇ ಇರುತ್ತದೆ. ಬಂದ ಮೊದಲ ದಿನವೇ ಸಾಹೇಬರು "ಊರು ಯಾವುದು" ಎಂದು ಕೇಳಿ, ಆಮೇಲೆ "ಕೇರಿ ಯಾವುದು" ಎಂದೂ ಕೇಳಿದ್ದರು. ಕಡಲು ದಾಟಿ ಬಂದರೂ ಆ ಪ್ರಶ್ನೆಗೆ ವೀಸಾ ಬೇಕಾಗಲಿಲ್ಲ.

ನಕ್ಕವನು ಬಾಗಿಲ ಕಡೆ ನೋಡಿ ಲೋಟ ಕೆಳಗಿಟ್ಟ. ಆ ಬಾಗಿಲೆಂದರೆ ನಮ್ಮಿಬ್ಬರಿಗೂ ಭಯ. ಒಳಗಿನಿಂದ ಒತ್ತಿ ತೆರೆಯುವ ಗುಂಡಿ ಮುರಿದು ಏಳು ತಿಂಗಳಾಯಿತು. ಹೊರಗಿನ ಚಿಲಕ ಬಿದ್ದರೆ ಒಳಗಿದ್ದವನು ಬಡಿದು ಬಡಿದು ಸಾಯಬೇಕು, ಗೋಡೆ ಅಷ್ಟು ದಪ್ಪ, ಸದ್ದು ಹೊರಗೆ ಬರುವುದಿಲ್ಲ. ಒಬ್ಬ ಒಳಗೆ ಹೋದರೆ ಇನ್ನೊಬ್ಬ ಹೊರಗೆ ಕಾಯಬೇಕು, ಇಬ್ಬರೂ ಹೋದರೆ ಬಾಗಿಲ ಸಂದಿಗೆ ಪೆಟ್ಟಿಗೆ ಇಡಬೇಕು. ಇದು ನಾವೇ ಮಾಡಿಕೊಂಡ ಕಾನೂನು. ರಂಜಾನಿಗೆ ಮುಂಚೆ ಒಂದು ದಿನ ಗೂಳಪ್ಪ ಎದುರು ಮಾತಾಡಿದನೆಂದು ಸಾಹೇಬರು ಅವನನ್ನು ಒಳಗಿಟ್ಟು ಚಿಲಕ ಹಾಕಿದ್ದರು. ಹತ್ತೇ ನಿಮಿಷ. ಹೊರಬಂದ ಮೇಲೆ ಅವನು ಮೂರು ದಿನ ನಾವು ಮಲಗುವ ಕ್ಯಾಂಪಿನ ಕೋಣೆಯಲ್ಲಿ ದೀಪ ಆರಿಸಲು ಬಿಟ್ಟಿರಲಿಲ್ಲ.

ಗೂಳಪ್ಪ ಉಳಿದ ಚೀಲಗಳಿಗೆಂದು ಒಳಗೆ ಹೋದ. ನಾನು ಕಾವಲು ನಿಂತೆ. ಸಾಹೇಬರು ಒಂದು ಕಾಗದ ಹಿಡಿದು ಬಂದರು.

"ಸಹಿ ಮಾಡು. ಟೆಂಪರೇಚರ್ ರಿಪೋರ್ಟ್. ಇಡೀ ವಾರ ಮೈನಸ್ ಹದಿನೆಂಟು ಇತ್ತು ಅಂತ."

"ಸರ್, ಶುಕ್ರವಾರ ಶನಿವಾರ ಮೆಷಿನ್ನೇ ಓಡ್ಲಿಲ್ಲ ಅಲ್ವಾ."

"ನಿನ್ನ ಕೇಳಿದ್ನೇನು? ಸ್ಟೋರ್‌ಕೀಪರ್ ಅಂತ ಹಲಗಿ ಕಟ್ಟೀನಿ ಕೊಳ್ಳಾಗ. ಸಹಿ ಮಾಡೂದು ನಿನ್ನ ಕೆಲಸ."

"ಅಲ್ಲಿ ತಿಂದವ್ರಿಗೆ ಎಂತಾದ್ರೂ ಆದ್ರೆ ಕಾಗದದಲ್ಲಿ ನನ್ನ ಹೆಸರುಂಟು ಸರ್. ಹಿಡಿಯುದು ನನ್ನನ್ನೇ."

ಸಾಹೇಬರು ನನ್ನನ್ನು ಬೈಯಲಿಲ್ಲ. ಬಾಗಿಲನ್ನು ಕಾಲಿನಿಂದ ತಳ್ಳಿದರು. ಅದು ಮುಚ್ಚಿತು. ಚಿಲಕ ಎಳೆದು ಅದಕ್ಕೇ ಬೆನ್ನು ಕೊಟ್ಟು ನಿಂತರು.

"ನನಗೇನ ಅವಸರಿಲ್ಲ," ಎಂದರು. "ಅವಗ ಐತಿ."

ಅವರನ್ನು ದೂಡಿಬಿಡಬೇಕು ಎನಿಸಿತು, ಕೈ ಮೇಲೇಳಲಿಲ್ಲ. ನನ್ನ ಪಾಸ್‌ಪೋರ್ಟ್ ಅವರ ಡ್ರಾಯರಿನಲ್ಲಿತ್ತು. ಓಡಿಹೋದನೆಂದು, ನನ್ನ ವೀಸಾಕ್ಕೆ ಹೊಣೆ ನಿಂತ ಅರಬಿ ಕಫೀಲನ ಕೈಯಲ್ಲಿ ಒಂದು ದೂರು ಕೊಡಿಸಿದರೆ ನಾನು ರಸ್ತೆಯಲ್ಲಿ ನಡೆದರೂ ಕಳ್ಳ. ಒಳಗಿನಿಂದ ಯಾವ ಸದ್ದೂ ಇಲ್ಲ. ಸದ್ದಿಲ್ಲದ್ದೇ ಹೆಚ್ಚು ಹೆದರಿಕೆ. ಬಡಿಯುತ್ತಿದ್ದಾನೋ, ಕೂತುಬಿಟ್ಟನೋ.

"ಕೊಡಿ ಸರ್," ಎಂದೆ.

ನಾನು ಸಹಿ ಮಾಡುವುದು ಕನ್ನಡದಲ್ಲಿ. ಇರುವೆ ಹರಿದಾಡಿದ ಹಾಗಿದೆ ಎಂದು ಸಾಹೇಬರು ಯಾವಾಗಲೂ ಹಂಗಿಸುತ್ತಾರೆ. ಈ ಸಲ ಅವಸರಕ್ಕೆ ಇರುವೆಗಳು ಇನ್ನೂ ಚೆಲ್ಲಾಪಿಲ್ಲಿಯಾದವು. ಆದರೆ ಬರೆದದ್ದು ದೂಮಪ್ಪ ಎಂಬ ನನ್ನ ಹೆಸರಲ್ಲ. ನನಗೇ ತಿಳಿಯದಂತೆ ಪೆನ್ನಿನ ತುದಿಗೆ ತುಳು ಬಂತು: ನೀರಾತ್ಂಡ್. ನೀರಾಗಿದೆ ಎಂದು. ಈ ಗೋದಾಮಿನಲ್ಲಿ ತುಳು ಮಾತಾಡಿದರೆ "ನಿಮ್ಮ ಉಂಡು-ಪಂಡು ಹೊರಗ ಇಟ್ಟು ಬರ್ರಿ" ಎನ್ನುವವರು ಅವರು. ಕಾಗದದ ಮೇಲೆ ಕಣ್ಣಾಡಿಸಿ ಮಡಚಿದರು. ಅವರಿಗೆ ಕಂಡದ್ದು ಇರುವೆಗಳೇ.

ಚಿಲಕ ತೆಗೆದರು. ಗೂಳಪ್ಪ ಬಾಗಿಲಿಗೆ ಒರಗಿಯೇ ನಿಂತಿದ್ದನೆಂದು ಕಾಣುತ್ತದೆ, ನೇರ ನನ್ನ ಮೇಲೆ ಬಿದ್ದ. ಸುತ್ತಿಗೆ ಕೈಯಲ್ಲೇ ಇತ್ತು. ಹಿಡಿದ ಬೆರಳು ಬಿಚ್ಚಲು ಬರುತ್ತಿರಲಿಲ್ಲ. ಬಿಸಿಲಿಗೆ ಕೂರಿಸಿ ಅವನ ಅಂಗೈಯನ್ನು ನನ್ನ ಕಂಕುಳಲ್ಲಿ ಇಟ್ಟುಕೊಂಡೆ.

"ಸಹಿ ಮಾಡಿದೇನು?"

"ಮಾಡ್ದೆ."

ಅವನ ಹಲ್ಲು ಕಟಕಟ ಎನ್ನುತ್ತಿತ್ತು.

ಮೂರು ಗಂಟೆಗೆ ಡೊರೊತಿ ಬಾಯಮ್ಮ ಬಂದರು. ಕೊಳ್ಳುವವರ ಪರವಾಗಿ ಸರಕು ನೋಡಿ ಸೀಲು ಹಾಕುವವರು. ನಮ್ಮ ಮಲ್ಪೆ ಕಡೆಯ ಶಿರ್ವದವರು. ಮನೆಮಾತು ಕೊಂಕಣಿಯಾದರೂ ನನ್ನ ಜೊತೆ ತುಳುವಿನಲ್ಲೇ ಮಾತು. ಸಾಹೇಬರು ಕುರ್ಚಿ ಹಾಕಿಸಿ, ಜ್ಯೂಸು ತರಿಸಿ, ನಾವು ಒಡೆದು ಪುಡಿಮಾಡಿದ, ಮೇಲಿನ ಸಾಲಿನ ಪೆಟ್ಟಿಗೆ ತೋರಿಸಿದರು. ಚೀಲ ಗಲಗಲ ಎಂದಿತು. ಬಾಯಮ್ಮ ತಲೆಯಾಡಿಸಿ ಕಾಗದ ಬಿಡಿಸಿದರು. ಕನ್ನಡಕ ಮೇಲಕ್ಕೇರಿಸಿದರು. ಬೆರಳು ನನ್ನ ಸಹಿಯ ಮೇಲೆ ನಿಂತಿತು.

ಆ ಹೊತ್ತಿಗೆ ನನಗೆ ಬುದ್ಧಿ ಬಂತು. ನಾನೆಂಥ ಮೂರ್ಖ ಎಂದು ತಿಳಿಯಿತು. ಇವರು ಬಾಯಿಬಿಟ್ಟರೆ ನನ್ನ ಗತಿ ಮುಗಿಯಿತು. ಓದದಿರಲಿ ದೇವರೇ, ಸೀಲು ಹಾಕಿ ಹೋಗಲಿ, ಯಾರಾದರೂ ತಿಂದು ಸಾಯಲಿ, ಎಂದೇ ಬೇಡಿಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಹಾಗೆಯೇ ಬೇಡಿಕೊಂಡೆ.

"ಏಪ?" ಎಂದು ತಲೆಯೆತ್ತದೆಯೇ ಕೇಳಿದರು. ಯಾವಾಗ ಎಂದು.

"ಶುಕ್ರಾರ," ಎಂದೆ.

"ಏನ್ ಅಂತಾನ ಅವ?" ಎಂದರು ಸಾಹೇಬರು.

ಬಾಯಮ್ಮ ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮ ಸ್ಟೋರ್‌ಕೀಪರೇ ಬರ್ದಿದ್ದಾರಲ್ಲ ಸರ್ ಇಲ್ಲಿ, ನೀರಾಗಿದೆ ಅಂತ. ನಂಗೆ ಸೀಲ್ ಹಾಕ್ಲಿಕ್ಕೆ ಆಗುದಿಲ್ಲ. ಆಫೀಸಿಗೆ ಮೇಲ್ ಮಾಡ್ತೇನೆ."

ಪ್ರಾಮಾಣಿಕ ಹೆಂಗಸು. ಅಷ್ಟು ಹೇಳಿ ಬ್ಯಾಗು ಹೆಗಲಿಗೇರಿಸಿ, ಎಸಿ ಆರದೆ ನಿಂತಿದ್ದ ಕಾರು ಹತ್ತಿ ತಮ್ಮ ಆಫೀಸಿರುವ ಅಲ್ ಖುವೈರಿಗೆ ಹೋದರು. ಗೇಟಿನ ಒಳಗೆ ನಾವು ಮೂವರೇ ಉಳಿದೆವು.

ಸಾಹೇಬರು ಕಾಗದವನ್ನು ಹತ್ತಿರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮುಖ ಕೆಂಪಾಗಲಿಲ್ಲ. ದನಿಯೂ ಏರಲಿಲ್ಲ.

"ದೂಮಪ್ಪ, ಒಳಗ ಹೋಗು. ಎಷ್ಟು ಪೆಟಗಿ ಅದಾವ ಎಣಿಸ್ಕೊಂಡು ಬಾ."

"ಸರ್, ಬೆಳಿಗ್ಗೆಯೇ ಎಣ್ಸಿ ಆಗಿದೆ."

"ಮತ್ತೊಮ್ಮೆ ಎಣಿಸು. ಗೂಳಪ್ಪ ಕ್ಯಾಂಪಿಗೆ ಹೋಗ್ಲಿ, ಅವಗ ರಜಾ. ಬಾಗಲಾ ನಾ ಕಾಯ್ತೀನಿ."

ಓಡಿದರೆ ಓಡಿಹೋದವ, ಹೋದರೆ ಒಳಗಿನವ. ಸಾಹೇಬರು ಬಾಗಿಲು ತೆರೆದು ಹಿಡಿದರು, ಅತಿಥಿಯನ್ನು ಕರೆಯುವ ಹಾಗೆ. ಬಿಳಿ ಹೊಗೆ ನನ್ನ ಮೊಣಕಾಲಿನವರೆಗೆ ಬಂತು. ನಾನು ಒಂದು ಹೆಜ್ಜೆ ಇಟ್ಟೂ ಬಿಟ್ಟೆ.

ಗೂಳಪ್ಪ ಕ್ಯಾಂಪಿಗೆ ಹೋಗಲಿಲ್ಲ. ಬಿಸಿಲಲ್ಲಿ ಕೂತು ಸುತ್ತಿಗೆಗೆ ಸುತ್ತಿದ ಗೋಣಿಯ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದ. ಗೋಣಿ ಕಳಚಿ ಬಿತ್ತು. ಎದ್ದು ಬಂದ. ಸಾಹೇಬರು ಎರಡು ಕೈಯಿಂದ ತಲೆ ಮುಚ್ಚಿಕೊಂಡು ಗೋಡೆಗೆ ಸರಿದರು.

"ನಿಮಗಲ್ರೀ ಸಾಹೇಬ್ರ, ಹೆದರಬ್ಯಾಡ್ರಿ," ಎಂದು ಗೂಳಪ್ಪ ಬಾಗಿಲಿನ ಚಿಲಕಕ್ಕೆ ಹೊಡೆದ. ಬರಿ ಕಬ್ಬಿಣದ ಸದ್ದು ಅಂಗಳ ತುಂಬಿತು. ಎರಡನೇ ಏಟಿಗೆ ಚಿಲಕ ಬಾಗಿತು, ನಾಲ್ಕನೆಯದಕ್ಕೆ ನನ್ನ ಕಾಲ ಬಳಿ ಬಿತ್ತು. ಆಮೇಲೆ ಬಾಗಿಲಿನ ಕೀಲುಗಳಿಗೆ ಹೊಡೆದ. ಬಾಗಿಲು ಒಂದು ಬದಿಗೆ ಜೋತು ನೆಲಕ್ಕೆ ಊರಿತು.

ಸಾಹೇಬರು ಫೋನು ತೆಗೆದು ಯಾರಿಗೋ ಅರಬಿಯಲ್ಲಿ ಹೇಳತೊಡಗಿದರು. ಪೊಲೀಸ್ ಎಂಬುದೊಂದು ನನಗೆ ತಿಳಿಯಿತು. ಗೂಳಪ್ಪ ಪೈಪಿನ ಸಂದಿಯಿಂದ ತನ್ನ ಲೋಟ ತಂದು, ಸಾಹೇಬರ ಕುರ್ಚಿಯಲ್ಲಿ ಕೂತು, ಬಾಯಮ್ಮ ಕುಡಿಯದೆ ಬಿಟ್ಟ ಜ್ಯೂಸು ಸುರಿದುಕೊಂಡ. ನನಗೆ ಕೂರಲಾಗಲಿಲ್ಲ. ಮುಚ್ಚಲಾಗದ ಬಾಗಿಲಿನಿಂದ ಚಳಿ ಹೊರಗೆ ಹರಿಯುತ್ತಿತ್ತು, ಬಿಸಿಲು ಒಳಗೆ ಹೋಗುತ್ತಿತ್ತು. ಪೊಲೀಸರ ಗಾಡಿ ಗೇಟಿಗೆ ಬರುವ ಹೊತ್ತಿಗೆ ಹೊಸ್ತಿಲ ಮೇಲೆ ಮೊದಲ ಹಳದಿ ಹನಿ ಬಿದ್ದಿತ್ತು.