ಆಧಾರ ಬೇಕು

ವಾಕ್ಯದ ತುದಿಯಲ್ಲಿ ಕೂತಿರುವ ಆ ನೀಲಿ ನಾಲ್ಕು ನುಸಿಯಂತೆ ಕಾಣುತ್ತದೆ, ಬೆರಳಿನಿಂದ ಒರೆಸಿದೆ, ಹೋಗಲಿಲ್ಲ, ಪರದೆಯ ಮೇಲೆ ಬೆರಳಿನ ಜಿಡ್ಡು ಮಾತ್ರ ಉಳಿಯಿತು, ಪಕ್ಕದಲ್ಲೇ ಐದು, ಅಡಿಟಿಪ್ಪಣಿಯ ಅಂಕಿಗಳು, ನಾಲ್ಕು ಎಂದರೆ ಒಂದು ಪತ್ರಿಕೆ, ಐದು ಎಂದರೆ ಒಂದು ಪುಸ್ತಕ, ಎರಡೂ ಹೆಗಲು ಕೊಟ್ಟು ಹೊತ್ತಿರುವ ವಾಕ್ಯ ಇಷ್ಟೇ — ಆಪರೇಟರ್ ಸೇದಿ ಎಸೆದ ಸಿಗರೇಟಿನಿಂದ ಚಿತ್ರಮಂದಿರಕ್ಕೆ ಬೆಂಕಿ ಹೊತ್ತಿಕೊಂಡು ಬಾಲ್ಕನಿಯ ಗೇಟ್‌ಕೀಪರ್ ಮೃತಪಟ್ಟರು. ಪತ್ರಿಕಾ ಕಚೇರಿಯಲ್ಲಿ ನನ್ನ ಡೆಸ್ಕಿಗೆ ಬಂದಿದ್ದರೆ ಒಂದಕ್ಷರ ಮುಟ್ಟದೆ ಮುಂದಕ್ಕೆ ಕಳಿಸುತ್ತಿದ್ದೆ, ಚೊಕ್ಕ ವಾಕ್ಯ, ಸುಳ್ಳು ಎನ್ನುವುದೊಂದೇ ಅದರ ದೋಷ. ಪುಟ್ಟೀ, ತೆಗೆದ್ಯಾ? ನಡುಮನೆಯಿಂದ ಅಪ್ಪ. ಇನ್ನೂ ಇಲ್ಲಪ್ಪ. ಒಂದು ಸಾಲು ಅಳಿಸೋಕೆ ಎಷ್ಟು ಹೊತ್ತೇ, ನಿಂದೇ ತಾನೆ ಅದು? ನಂದಲ್ಲಪ್ಪ, ಎಲ್ಲರದ್ದೂ. ಎಲ್ಲರದ್ದೂ ಅಂದ್ರೆ ನಂದೂ ಹೌದಲ್ಲ, ನಾನೇ ಬಂದು ಅಳಿಸ್ತೀನಿ ಬಿಡು. ಕನ್ನಡಕ ಹುಡುಕುವ ಸದ್ದು, ಕುರ್ಚಿ ಎಳೆದ ಸದ್ದು, ಮತ್ತೆ ಕೂತ ಸದ್ದು.

ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎನ್ನುವ ವಿಶ್ವಕೋಶದಲ್ಲಿ ಜಗಳವಿಲ್ಲದೆ ಇನ್ನೇನಿರುತ್ತದೆ, ದೀಪಸ್ತಂಭ ಎಂಬ ಅಡ್ಡಹೆಸರಿನವನು ನಮ್ಮೂರ ಟಾಕೀಸಿನ ಪುಟಕ್ಕೆ ಆ ಸಾಲು ಹಾಕುತ್ತಾನೆ, ನಿಂಬೆಹುಳಿ ಎಂಬ ಅಡ್ಡಹೆಸರಿನವರು ತೆಗೆಯುತ್ತಾರೆ, ಹಾಕು ತೆಗೆ ಹಾಕು ತೆಗೆ, ಕೊನೆಗೆ ಪುಟಕ್ಕೆ ಬೀಗ ಬಿತ್ತು, ಬೀಗದ ಕೈ ಈ ಸರದಿ ನನ್ನ ಹತ್ತಿರ, ಇಬ್ಬರ ಮಾತೂ ಕೇಳಿ ತೀರ್ಪು ಬರೆಯಬೇಕಾದವಳು ನಾನು, ಆ ಆಪರೇಟರ್ ನಡುಮನೆಯಲ್ಲಿ ಕನ್ನಡಕ ಹುಡುಕುತ್ತಿದ್ದಾನೆ ಎಂಬುದು ಇಬ್ಬರಿಗೂ ಗೊತ್ತಿಲ್ಲ. ಗೊತ್ತಾದರೆ ಬೇಲಿಯೇ ಎದ್ದು ಹೊಲ ಮೇಯ್ತು ಅನ್ನುತ್ತಾರೆ, ಅನ್ನಬೇಕಾದ್ದೇ. ನಿಂಬೆಹುಳಿಯ ವಾದ ನೂರಕ್ಕೆ ನೂರು ಸರಿ — ಆ ಸಾಲನ್ನು ಮೊದಲು ಹೆಸರಿಲ್ಲದ ಯಾರೋ ಇಲ್ಲೇ, ಈ ಪುಟದಲ್ಲೇ, ಆಧಾರವಿಲ್ಲದೆ ಬರೆದರು, ಆಮೇಲೆ ಪತ್ರಿಕೆಯೊಂದರ ಭಾನುವಾರದ ಪುರವಣಿ ಮುಚ್ಚಿಹೋದ ಟಾಕೀಸುಗಳ ಬಗ್ಗೆ ಬರೆಯುತ್ತಾ ಇಲ್ಲಿಂದಲೇ ಎತ್ತಿಕೊಂಡಿತು, ಸೀಟುಗಳ ಸಂಖ್ಯೆಯಲ್ಲಿದ್ದ ತಪ್ಪನ್ನೂ ಸೇರಿಸಿ ಎತ್ತಿಕೊಂಡಿತು, ಆಮೇಲೆ ದೀಪಸ್ತಂಭ ಆ ಪತ್ರಿಕೆಯನ್ನೇ ತಂದು ಈ ಸಾಲಿಗೆ ಆಧಾರವೆಂದು ಅಂಟಿಸಿದ, ಪತ್ರಿಕೆ ನೋಡಿ ಒಬ್ಬ ಪುಸ್ತಕ ಬರೆದ, ಆ ಪುಸ್ತಕವೂ ಆಧಾರ. ನಮ್ಮಲ್ಲಿ ಬಿಟ್ಟರೆ ಇನ್ನೆಲ್ಲೂ ಆಗದ ತಪ್ಪು, ಹಾವು ತನ್ನ ಬಾಲವನ್ನೇ ನುಂಗಿ ಹೊಟ್ಟೆ ತುಂಬಿತು ಎಂದು ತೇಗಿದ ಹಾಗೆ. ಆದರೆ ಪುಸ್ತಕದವನು ಮುನ್ನುಡಿಯಲ್ಲಿ ಊರ ಹಿರಿಯರನ್ನು ಮಾತಾಡಿಸಿದೆ ಎಂದು ಬರೆದುಕೊಂಡಿದ್ದಾನೆ, ದೀಪಸ್ತಂಭ ಅದನ್ನೇ ಹಿಡಿದು ಜಗ್ಗುತ್ತಾನೆ, ನಕಲು ಅನ್ನೋದು ನಿಮ್ಮ ಅನುಮಾನ, ಅನುಮಾನ ಆಧಾರವಲ್ಲ. ಆ ಕೊನೆಯ ಮಾತು ಮೂಲದಲ್ಲಿ ನನ್ನದು. ಹಿಂದೆ ಯಾವುದೋ ಸೇತುವೆಯ ಪುಟದ ಜಗಳದಲ್ಲಿ ಬರೆದದ್ದು, ನಿಯಮದ ಪುಟಕ್ಕೇ ಸೇರಿಸಿಕೊಂಡರು, ಈಗಲೂ ಸರಿಯೆಂದೇ ಅನ್ನಿಸುತ್ತದೆ, ನಿಮಗೆ ಏನು ಗೊತ್ತು ಎಂಬುದು ಮುಖ್ಯವಲ್ಲ, ಎಲ್ಲಿ ಅಚ್ಚಾಗಿದೆ ಎಂಬುದು ಮುಖ್ಯ, ಇಲ್ಲದಿದ್ದರೆ ಪ್ರತಿಯೊಬ್ಬರೂ ತಮ್ಮಪ್ಪನ ಪರವಾಗಿ ಬರೆಯುತ್ತಾರೆ.

ನಾನಿನ್ನೂ ಬದುಕಿದೀನಲ್ಲೇ, ಬಂದು ಕೇಳ್ಲಿ ನನ್ನ. ಹಾಗೆ ಕೇಳೋ ಹಾಗಿಲ್ಲಪ್ಪ, ಅಚ್ಚಾಗಿರ್ಬೇಕು. ಸತ್ತರೆ ಅಚ್ಚು ಹಾಕ್ತಾರಲ್ಲ, ಆವಾಗ ನಂಬ್ತಾರಾ? ನಕ್ಕೆ, ಅವನೂ ನಕ್ಕ, ಕೆಮ್ಮಿದ. ಕ್ಷೌರದಂಗಡಿಯಲ್ಲಿ ಯಾರೋ ಫೋನು ನೋಡಿ ಆ ಸಾಲು ಓದಿದಾಗಲೂ ಹೀಗೇ ನಕ್ಕನಂತೆ, ಕತ್ತರಿ ಆಡಿಸುತ್ತಿದ್ದವನೇ ಹೇಳಿದ, ಯಜಮಾನ್ರು ತಲೆ ಅಲ್ಲಾಡಿಸಿಬಿಟ್ರು ಮೇಡಂ, ಕಿವಿ ಉಳಿದದ್ದೇ ಪುಣ್ಯ. ನಗು ನಿಂತದ್ದು ಗೇಟ್‌ಕೀಪರನ ಹೆಂಡತಿಯ ಬಾಗಿಲಲ್ಲಿ. ಬೆಂಕಿಯಾದ ಮೇಲೆ ಪ್ರತಿ ತಿಂಗಳೂ ಅಪ್ಪ ಅಲ್ಲಿಗೆ ಹೋಗುತ್ತಾನೆ, ಹಣ್ಣು ಒಯ್ಯುತ್ತಾನೆ, ಟೀ ಕುಡಿಯುತ್ತಾನೆ, ಇಬ್ಬರೂ ಸತ್ತವನ ತಮಾಷೆಗಳನ್ನು ನೆನೆದು ಬರುತ್ತಾರೆ, ಅತ್ತಿಗೆ ಅನ್ನುತ್ತಾನೆ ಅವರನ್ನು. ಹೋದ ತಿಂಗಳು ಅವರು ಬಾಗಿಲು ತೆಗೆಯಲಿಲ್ಲ. ಒಳಗಿಂದಲೇ ಅಂದರಂತೆ, ಮೊಮ್ಮಗಳು ಓದಿ ಹೇಳಿದ್ಲು, ಇನ್ನು ನೀವು ಬರಬೇಡಿ. ಹಣ್ಣಿನ ಚೀಲ ಹಾಗೇ ವಾಪಸು ಬಂತು, ಅಪ್ಪ ಅದನ್ನು ಊಟದ ಮೇಜಿನ ಮೇಲಿಟ್ಟು, ಆ ಸಾಲು ತೆಗಿಸಿಬಿಡೇ ಪುಟ್ಟಿ ಎಂದ, ಆಜ್ಞೆಯಲ್ಲ, ಬೇಡಿದ ಹಾಗೆ, ಅಪ್ಪ ನನ್ನನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು.

ಆ ಬೆಂಕಿಯನ್ನು ನಾನು ನೋಡಿದ್ದೆ, ಅದೇ ಕಷ್ಟ. ಕೊನೆಯ ಸಾಲಿನಲ್ಲಿ, ಅಪ್ಪ ಚಿತ್ರ ಬಿಡುವ ಮೆಷಿನ್ ರೂಮಿನ ಕಿಂಡಿಯ ಕೆಳಗೇ ಕೂತಿರುತ್ತೇನೆ, ಲಂಗದ ತುಂಬ ಕಡಲೆಸಿಪ್ಪೆ, ತೆರೆಯ ಮೂಲೆಯಲ್ಲಿ ಕಂದು ಚುಕ್ಕೆ, ನಾಯಕಿಯ ಭುಜದ ಹತ್ತಿರ, ಅದು ಚಿತ್ರದ ಭಾಗವಲ್ಲ, ದೊಡ್ಡದಾಗುತ್ತದೆ, ಬೆಂಕಿ ಎದ್ದದ್ದು ತೆರೆಯ ಹಿಂದಿನ ವೈರಿನಲ್ಲಿ, ಮೆಷಿನ್ ರೂಮಿಗೂ ಅದಕ್ಕೂ ನಡುವೆ ಇಡೀ ಥಿಯೇಟರು, ಮೊದಲು ನೋಡಿದವನು ಅಪ್ಪ, ತೆರೆಯನ್ನೇ ನೋಡುವುದು ಅವನ ಕೆಲಸವಾಗಿತ್ತಲ್ಲ, ಚಿತ್ರ ನಿಲ್ಲಿಸಿದ, ದೀಪ ಹಾಕಿದ, ಕಿಂಡಿಯ ಗಾಜು ಸರಿಸಿ ಕೂಗಿದ, ಎದ್ದೇಳ್ರಿ, ಹೊರಗೆ ಹೋಗ್ರಿ, ಚಿತ್ರ ನಿಲ್ಲಿಸಿದ್ದಕ್ಕೆ ಜನ ಸಿಳ್ಳೆ ಹೊಡೆದರು, ಲೋ ಆಪರೇಟ್ರೇ ಮಲಗಿಬಿಟ್ಯೇನೋ, ನಾನು ತಿರುಗಿ ನೋಡಿದೆ, ಕಿಂಡಿಯಲ್ಲಿ ಅಪ್ಪನ ಬಾಯಿ. ಸಿಗರೇಟು ಎಲ್ಲಿಂದ ಬರಬೇಕು, ರೀಲಿನ ಪಕ್ಕ ಬೀಡಿಯ ವಾಸನೆ ಬಂದರೆ ಮಾಲೀಕರನ್ನೇ ಹೊರಗೆ ಕಳಿಸುತ್ತಿದ್ದ. ಇದಕ್ಕೆಲ್ಲ ಆಧಾರ? ನಾನು. ನಾನು ಆಧಾರವಲ್ಲ. ಅಗ್ನಿಶಾಮಕ ಕಚೇರಿಗೆ ಹೋಗಿ ಅಂದಿನ ವರದಿ ಕೇಳಿದೆ, ಗುಮಾಸ್ತ ಹಲ್ಲು ಕಿರಿದ, ಬೆಂಕಿಯವರ ಕಡತ ಮೇಡಂ, ನೀರಲ್ಲಿ ಹೋಯ್ತು, ಸೂರು ಸೋರಿ. ಅಪ್ಪನ ಮಾತು ಅಚ್ಚು ಹಾಕಿ ಎಂದು ನಮ್ಮ ಪತ್ರಿಕೆಯ ಸಂಪಾದಕರನ್ನೂ ಕೇಳಿದೆ, ಇಷ್ಟು ವರ್ಷದ ಮೇಲೆ ಇದೇನ್ರೀ ಸುದ್ದಿ, ನಿಮ್ಮಪ್ಪ ಅಂತ ಜಾಗ ಕೊಡೋಕಾಗುತ್ತಾ? ಅವರ ಕುರ್ಚಿಯಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಸುಮ್ಮನೆ ತೀರ್ಪು ಬರೆದುಬಿಡಬಹುದು, ನಕಲು ಸಾಬೀತಾಗಿದೆ, ಸಾಲು ತೆಗೆಯಲಾಗಿದೆ, ಸರಿಯಾದ ತೀರ್ಪೇ, ಆದರೆ ದೀಪಸ್ತಂಭ ಸುಮ್ಮನಿರುವವನಲ್ಲ, ಇವತ್ತಲ್ಲ ನಾಳೆ ಅಗೆಯುತ್ತಾನೆ, ಮಗಳೇ ಅಪ್ಪನ ಸಾಲು ಅಳಿಸಿದಳು ಎಂದು ಗೊತ್ತಾದ ದಿನ ಸುಳ್ಳಿಗೆ ಉಕ್ಕಿನ ಬೆನ್ನೆಲುಬು ಬರುತ್ತದೆ, ಅತ್ತಿಗೆಯ ಬಾಗಿಲಿಗೆ ಇನ್ನೊಂದು ಚಿಲಕ. ನಾನೇ ಆ ಮಗಳೆಂದು ಹೇಳಿಬಿಟ್ಟರೆ ತೀರ್ಪಿನ ಕುರ್ಚಿ ಬಿಡಬೇಕು, ಮುಂದಿನ ಸರದಿ ಮೇಷ್ಟ್ರದ್ದು, ಎಲ್ಲರೂ ಮೇಷ್ಟ್ರು ಅನ್ನುವ ಆ ಮುಖ ಕಾಣದ ಹಿರಿಯ, ಪ್ರಾಮಾಣಿಕ, ನಿಯಮ ಬಿಟ್ಟು ಅತ್ತಿತ್ತ ಅಲುಗದವರು, ನಿಯಮಗಳನ್ನು ಅವರಿಗೆ ಹೇಳಿಕೊಟ್ಟವಳೇ ನಾನು. ಹಾವೂ ಸಾಯಬೇಕು ಕೋಲೂ ಮುರಿಯಬಾರದು, ಇಲ್ಲಿ ಹಾವು ಹಾಗೇ ಇದೆ, ಕೋಲು ನಾನೇ. ಬರೆದೆ. ಚರ್ಚೆಯ ಪುಟದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಇದರಲ್ಲಿ ಬರುವ ಆಪರೇಟರ್ ನನ್ನ ತಂದೆ, ಆದ್ದರಿಂದ ನಾನು ತೀರ್ಪು ಕೊಡುವಂತಿಲ್ಲ, ಅವರು ಸಿಗರೇಟು ಸೇದುವವರಲ್ಲ, ಬೆಂಕಿ ಎದ್ದದ್ದು ತೆರೆಯ ಹಿಂದೆ, ನಾನು ಅಲ್ಲಿದ್ದೆ. ಒತ್ತಿದೆ. ಹೋಯಿತು. ಇನ್ನು ಅಳಿಸಿದರೂ ಅಳಿಸಿದ್ದು ಪುಟದ ಇತಿಹಾಸದಲ್ಲಿ ಉಳಿಯುತ್ತದೆ.

ಟೀ ಮಾಡಿ ತಂದು ಕೂರುವಷ್ಟರಲ್ಲಿ ಮೇಷ್ಟ್ರ ಉತ್ತರ, ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ ತಾಯಿ, ಆದರೆ ಎರಡು ಅಚ್ಚಾದ ಆಧಾರಗಳಿರುವಾಗ ಸಾಲು ಉಳಿಯಬೇಕಾಗುತ್ತದೆ, ನಿಮ್ಮ ಮಾತನ್ನೂ ಬಿಟ್ಟಿಲ್ಲ, ನ್ಯಾಯಕ್ಕಾಗಿ ಸೇರಿಸಿದ್ದೇನೆ, ನೋಡಿ. ನೋಡಿದೆ. ಸುಳ್ಳು ಇದ್ದಲ್ಲೇ ಇದೆ, ಬೆನ್ನಿಗೆ ನಾಲ್ಕು, ಐದು. ಅದರ ಮುಂದೆ ಹೊಸ ಸಾಲು, ಆಪರೇಟರ್‌ನ ಮಗಳು ಇದನ್ನು ಅಲ್ಲಗಳೆಯುತ್ತಾರೆ, ಆ ಸಾಲಿನ ತುದಿಯಲ್ಲಿ ಅಂಕಿ ಇಲ್ಲ, ಸಣ್ಣ ಅಕ್ಷರದಲ್ಲಿ ಎರಡು ಪದ, ಆಧಾರ ಬೇಕು, ಇಡೀ ಪುಟದಲ್ಲಿ ಆ ಎರಡು ಪದ ಬಿದ್ದಿರುವುದು ಅದೊಂದೇ ಸಾಲಿಗೆ. ಪುಟ್ಟೀ, ಏನೋ ಬಂತಲ್ಲ ಸದ್ದು, ತೆಗೆದ್ರಾ? ನಾಳೆ ಅತ್ತಿಗೆ ಮನೆಗೆ ಹೋಗ್ಲಾ? ಬಾಗಿಲಲ್ಲಿ ನಿಂತಿದ್ದಾನೆ, ಕನ್ನಡಕ ಸಿಕ್ಕಿದೆ, ಓದೇ, ಜೋರಾಗಿ ಓದು, ನನಗೆ ತಿರುಗಲಾಗುವುದಿಲ್ಲ, ತಿರುಗಿದರೆ ಕಿಂಡಿ, ಗಾಜು ಸರಿದಿದೆ, ಕೆಳಗೆ ಸಿಳ್ಳೆ, ಕಿಂಡಿಯಲ್ಲಿ ಅಪ್ಪನ ಬಾಯಿ, ತೆರೆದಿದೆ, ಸಿಳ್ಳೆ, ಕಿಂಡಿಯಲ್ಲಿ ಅಪ್ಪನ ಬಾಯಿ