ಅರವತ್ತೆರಡು ಡಿಗ್ರಿ

ಪಕ್ಕದ ಮೇಜಿನಿಂದ ನಗು, ಮತ್ತೆ ಆ ಪಟಪಟಿಯದೇ, ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿಲ್ಲ, ಬಾಯಿ ಮಾತ್ರ ಬಿಗಿ ತಪ್ಪಿದ ನಲ್ಲಿ, ಆ ಹೆಸರಿಟ್ಟದ್ದೂ ಈ ಮೇಜಿನ ಇವಳೇ, ಒಳಗೊಳಗೇ — ಕಾಗದ ನೋಡು ತಾಯಿ, ಕಾಗದ, ಹನ್ನೊಂದಕ್ಕೆ ಸಹಿ ಬೇಕು, ಬಟ್ಟೆಗೆ ಬಣ್ಣ ಕಟ್ಟಿ ಹೊರಹೋಗುವ ಬಿಸಿನೀರು ಎಂಬತ್ತು ಡಿಗ್ರಿ, ಅದರ ಶಾಖ ಕುಡಿಯಬೇಕಾದ ತಣ್ಣೀರು ಇಪ್ಪತ್ತು, ಎರಡೂ ಒಂದೇ ಪ್ರಮಾಣ, ನಡುವೆ ತೆಳು ತಗಡು, ಯಾವುದು ಎಷ್ಟು ಬಿಸಿಯಾಗಿ ಹೊರಬೀಳುತ್ತದೆ ಎನ್ನುವುದೇ ಲೆಕ್ಕ, ಹದಿನಾಲ್ಕು ವರ್ಷದಿಂದ ಇವಳೇ ಮಾಡಿದ್ದು, ಈ ಸಲ ಸಾಹೇಬರು ಅವಳ ಕೈಗೆ ಕೊಟ್ಟಿದ್ದಾರೆ, ನೀವು ಸುಮ್ನೆ ಕಣ್ಣಾಡಿಸಿಬಿಡಿ ಮೇಡಂ, ನಿಮಗೂ ಸ್ವಲ್ಪ ಬಿಡುವಾಗತ್ತೆ ಅಂದಳು ಪಟಪಟಿ — ಬಿಡುವಂತೆ, ಕೇಳಿದವರಾರು. ಮಗಳೂ ಹಾಗೇ, ಶಾಲೆಗೆ ರಜೆಯೆಂದು ಮೊನ್ನೆ ಇಲ್ಲಿಗೆ ಕರೆತಂದದ್ದೇ ತಪ್ಪಾಯಿತು, ಮಧ್ಯಾಹ್ನವೆಲ್ಲ ಪಟಪಟಿಯ ಮೇಜಿಗೆ ಅಂಟಿಕೊಂಡು ಭಿನ್ನರಾಶಿ ಕಲಿತಳು, ನೀನು ಹೇಳ್ಕೊಟ್ರೆ ಬೈದ ಹಾಗಿರತ್ತಮ್ಮಾ, ಚಿಕ್ಕಮ್ಮ ಹೇಳಿದ್ರೆ ಅರ್ಥ ಆಗತ್ತೆ. ಚಿಕ್ಕಮ್ಮ. ಒಂಟಿಯಾಗಿ ಹುಟ್ಟಿ ಬೆಳೆದ ಇವಳಿಗೆ ಅದ್ಯಾವಾಗ ತಂಗಿ ಬಂದಳೋ, ಕತ್ತಲಲ್ಲೇ ಎದ್ದು ಜಡೆ ಹೆಣೆದು, ಜೊತೆ ತಪ್ಪಿದ ಕಾಲುಚೀಲ ಹುಡುಕಿ, ಜ್ವರದ ಹಣೆ ಮುಟ್ಟಿ ಕೂರುವವಳು ಇವಳು, ಕೂಸು ಒರಗುವುದು ಮಾತ್ರ ಇನ್ನೊಬ್ಬಳ ಹೆಗಲಿಗೆ — ಅರೆ. ತಣ್ಣೀರು ಹೊರಬರುವಾಗ ಅರವತ್ತೆರಡು, ಬಿಸಿನೀರು ಮೂವತ್ತೆಂಟು. ಬಡಿಸಿದ ಸೌಟಿಗಿಂತ ತಟ್ಟೆಯೇ ಬಿಸಿಯಂತೆ, ಹೆಚ್ಚೆಂದರೆ ಎರಡೂ ಐವತ್ತಕ್ಕೆ ಬಂದು ಸಮವಾಗಬೇಕಲ್ಲವೇ, ಮೈಯೊಳಗೆ ಏನೋ ತಂಪಾಗಿ ಇಳಿಯಿತು, ಕೆಂಪು ಪೆನ್ನು ತಾನಾಗಿಯೇ ಅರವತ್ತೆರಡನ್ನು ಒಂದು ಸುತ್ತು ಸುತ್ತಿತು, ಇರಲಿ ಇನ್ನೊಂದು ಸುತ್ತು, ಬಾ ಇಲ್ಲಿ, ಇದೇನು ನೋಡು.

ಪಟಪಟಿ ಬಂದು ನಿಂತಳು, ಮುಖ ಬಾಡಿತು, ತಪ್ಪಾಗಿದೆಯಾ ಮೇಡಂ, ಮೂರು ಸಲ ಮಾಡಿದ್ದೆ, ಆದ್ರೂ ನೀವು ಹೇಳಿದ್ಮೇಲೆ ಇದ್ದೇ ಇರತ್ತೆ ಬಿಡಿ, ಮತ್ತೆ ಮಾಡ್ಕೊಂಡು ಬರ್ತೀನಿ — ಹೋಗೋದ್ಯಾಕೆ, ಇಲ್ಲೇ ಕೂತು ಮಾಡು, ಅವಳು ತಡಕಾಡುವುದನ್ನು ಕಣ್ಣಾರೆ ನೋಡಬೇಕಿತ್ತು ಇವಳಿಗೆ, ಸುಮ್ಮನಿರಲಾರದೆ ತಾನೂ ಒಂದು ಚೀಟಿಯ ಹಿಂದೆ ಗೀಚತೊಡಗಿದಳು, ಎಂಬತ್ತರಲ್ಲಿ ಇಪ್ಪತ್ತು ಹೋದರೆ ಅರವತ್ತು, ಅಷ್ಟರಲ್ಲಿ ಈ ಯಂತ್ರ ದಕ್ಕಿಸಿಕೊಳ್ಳುವುದು ನೂರಕ್ಕೆ ಎಪ್ಪತ್ತು, ಅಂದರೆ ನಲವತ್ತೆರಡು, ಬಿಸಿನೀರಿನಿಂದ ಕಳೆದರೆ ಮೂವತ್ತೆಂಟು, ತಣ್ಣೀರಿಗೆ ಕೂಡಿಸಿದರೆ — ಮತ್ತೊಮ್ಮೆ ಕೂಡಿಸಿದಳು — ಅರವತ್ತೆರಡು. ಕಾಗದದ ಜೊತೆಗಿದ್ದ ನಕ್ಷೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಾಣಗಳು ಎದುರುಬದುರು. ಎರಡು ನೀರೂ ಒಂದೇ ದಿಕ್ಕಿಗೆ ಹರಿದರೆ ತಾನೇ ಐವತ್ತರ ಮಾತು, ಎದುರಾಗಿ ಹರಿದರೆ ತಣ್ಣೀರು ಹೊರಡುವ ಬಾಗಿಲಲ್ಲೇ ಬಿಸಿನೀರು ಒಳಬರುತ್ತದೆ, ಎಂಬತ್ತರ ಕಾವಿನಲ್ಲಿ, ಮೊದಲ ವಾರದ ಪಾಠ ಅದು, ಇವಳೇ ಅವಳಿಗೆ ಹೇಳಿಕೊಟ್ಟದ್ದು. ಹೇಳಿಬಿಡಬೇಕು, ನಿಂದೇ ಸರಿ ಕಣೇ, ನಾನೇ ದಿಕ್ಕು ನೋಡಲಿಲ್ಲ, ಮೂರು ಕಾಸಿನ ಮಾತು, ಹೇಳಿದರೆ ಸಂಜೆ ಫೋನಿನಲ್ಲಿ ಮಗಳ ಕಿವಿಗೂ ಹೋಗುತ್ತದೆ, ಅಮ್ಮಂಗೂ ತಪ್ಪಾಗತ್ತಾ ಚಿಕ್ಕಮ್ಮಾ, ಇಬ್ಬರ ನಗು — ಇನ್ನೊಂದು ಗಳಿಗೆ, ಈಗ ಹೇಳುತ್ತಾಳೆ, ಈಗ — ಎದುರಿಗೆ ಬಗ್ಗಿದ ತಲೆ, ಪೆನ್ಸಿಲ್ಲಿನ ಅಂಕಿಯ ಮೇಲೆ ರಬ್ಬರು, ಮೊದಲು ಎರಡು ಹೋಯಿತು, ಆಮೇಲೆ ಆರು, ಪುಡಿಯನ್ನು ಉಫ್ ಎಂದು ಊದಿದಳು, ಇವಳ ಬಾಯಿ ತೆರೆದೇ ಇದೆ, ಕೆಂಪು ಸುತ್ತು ಅಳಿಯಲಿಲ್ಲ, ಒಳಗೆ ಏನೂ ಇಲ್ಲ, ಬಿಳಿ, ಕೆಂಪು ಸುತ್ತು, ಒಳಗೆ ಬರೀ ಬಿಳಿ, ಸುತ್ತು